ಚಾರ್ಜ್ ಆಗದ ಲ್ಯಾಪ್‌ಟಾಪು: ದೋಷವನ್ನು ಹುಡುಕುವ ಕ್ರಮ

ಒಂದು ಕಾಲದಲ್ಲಿ ಪೇಟೆಯ ಕಛೇರಿಗಳಲ್ಲಿ ಮಾತ್ರ ಕಾಣಸಿಗುತ್ತಿದ್ದ ಲ್ಯಾಪ್‌ಟಾಪು ಇಂದು ಗಡಿನಾಡಿನ ನಮ್ಮ ಹಳ್ಳಿಮನೆಗಳ ಚಾವಡಿಯನ್ನೂ ಸೇರಿದೆ. ತಮಿಳುನಾಡು ಸರಕಾರವು 2011ರಿಂದ ಸರಕಾರಿ ಮತ್ತು ಅನುದಾನಿತ ಶಾಲೆಗಳ ವಿದ್ಯಾರ್ಥಿಗಳಿಗೆ ಉಚಿತವಾಗಿ ಹಂಚತೊಡಗಿದ ಲ್ಯಾಪ್‌ಟಾಪುಗಳು ಹೊಸೂರು, ತಾಳವಾಡಿ ಕಡೆಯ ಕನ್ನಡ ಮನೆಗಳನ್ನು ಹೊಕ್ಕವು. ಕೇರಳದಲ್ಲಿ ಹೈಸ್ಕೂಲು ತರಗತಿಗಳ ಕೋಣೆಗಳಿಗೂ ಅವು ಬಂದವು. ಉಳಿದ ಕಡೆಗಳಲ್ಲಿ ತಂದೆತಾಯಂದಿರು ಸಾಲಸೋಲ ಮಾಡಿಯಾದರೂ ಮಕ್ಕಳಿಗೆ ಒಂದನ್ನು ತೆಗೆಸಿಕೊಟ್ಟಿದ್ದಾರೆ. ಕಾಲೇಜಿನ ಪ್ರಬಂಧ, ಪರೀಕ್ಷೆಯ ಅರ್ಜಿ, ವಿದ್ಯಾರ್ಥಿವೇತನದ ಕಾಗದಪತ್ರ, ಸಹಕಾರಿ ಸಂಘದ ಲೆಕ್ಕ, ಎಲ್ಲವೂ ಈಗ ಅದರೊಳಗೇ ಅಡಗಿರುತ್ತವೆ.

ಇಂತಹ ಯಂತ್ರವು ಒಂದು ದಿನ ಇದ್ದಕ್ಕಿದ್ದಂತೆ ಮುಷ್ಕರ ಹೂಡುತ್ತದೆ. ಪ್ಲಗ್ ಸಿಕ್ಕಿಸಿದೆ, ಸ್ವಿಚ್ಚು ಹಾಕಿದೆ. ಆದರೂ ಬ್ಯಾಟರಿ ತುಂಬುವುದಿಲ್ಲ. ಮನೆಯವರೆಲ್ಲ ಗಾಬರಿಯಾಗುತ್ತಾರೆ. ದುರಸ್ತಿಯ ಅಂಗಡಿ ಇರುವುದು ಹತ್ತಿಪ್ಪತ್ತು ಮೈಲು ದೂರದ ಪೇಟೆಯಲ್ಲಿ. ಅಲ್ಲಿ ಆಡುವ ಭಾಷೆ ಮಲಯಾಳವೋ ಮರಾಠಿಯೋ ತೆಲುಗೋ ಆಗಿರುತ್ತದೆ. ಅಂಗಡಿಯವನು “ಮದರ್‌ಬೋರ್ಡ್ ಹೋಗಿದೆ” ಎಂದರೆ ಅದನ್ನು ನಂಬುವುದಲ್ಲದೆ ಬೇರೆ ದಾರಿ ನಮಗೆ ತೋರುವುದಿಲ್ಲ. ಆದರೆ ಚಾರ್ಜ್ ಆಗದಿರುವುದಕ್ಕೆ ಇರುವ ಕಾರಣಗಳಲ್ಲಿ ಹಲವು ತೀರ ಸಣ್ಣವು. ಮನೆಯಲ್ಲಿಯೇ, ಯಂತ್ರವನ್ನು ಬಿಚ್ಚದೆಯೇ, ಕಾಸು ಖರ್ಚಿಲ್ಲದೆ ಕಂಡುಕೊಳ್ಳಬಹುದಾದವು. ಅದನ್ನು ಕ್ರಮವಾಗಿ ವಿವರಿಸುವುದೇ ಈ ಲೇಖನದ ಉದ್ದೇಶ.

ಶಿಕ್ಷಕರ ತರಬೇತಿಯಲ್ಲಿ ಬೋಧನಾಸೂತ್ರಗಳೆಂದು ಕೆಲವನ್ನು ಕಲಿಸುವುದುಂಟು. ತಿಳಿದುದರಿಂದ ತಿಳಿಯದುದರ ಕಡೆಗೆ ಹೋಗಬೇಕು, ಸರಳದಿಂದ ಜಟಿಲದ ಕಡೆಗೆ ಹೋಗಬೇಕು ಎಂಬ ಎರಡು ಅವುಗಳಲ್ಲಿ ಮುಖ್ಯವಾದವು. ಪಾಠ ಮಾಡುವುದಕ್ಕೆಂದು ಹೇಳಿದ ಈ ಸೂತ್ರಗಳು ಕೆಟ್ಟ ಯಂತ್ರದ ದೋಷ ಹುಡುಕುವುದಕ್ಕೂ ಅಷ್ಟೇ ಚೆನ್ನಾಗಿ ಒದಗುತ್ತವೆ.

ವಿದ್ಯುತ್ತು ನಡೆಯುವ ದಾರಿ

ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ಹರಿದು ಕೆರೆಗೆ ಬೀಳುತ್ತದೆ. ಕೆರೆಯಿಂದ ಪೈಪಿನ ಮೂಲಕ ತೋಟಕ್ಕೆ ಹೋಗಿ ಅಡಿಕೆ ಮರದ ಬುಡವನ್ನು ತಲುಪುತ್ತದೆ. ಮರದ ಬುಡ ಒಣಗಿದರೆ ಯಾವ ಕೃಷಿಕನೂ ಮೊದಲು ಬೇರನ್ನು ಅಗೆಯಲು ಹೋಗುವುದಿಲ್ಲ. ಕೆರೆಯಲ್ಲಿ ನೀರಿದೆಯೇ, ಪೈಪು ಎಲ್ಲಿಯಾದರೂ ಒಡೆದಿದೆಯೇ, ತುದಿಯಲ್ಲಿ ಕಸ ಕಟ್ಟಿದೆಯೇ ಎಂದು ಮೇಲಿನಿಂದ ನೋಡುತ್ತ ಬರುತ್ತಾನೆ.

ಲ್ಯಾಪ್‌ಟಾಪಿನ ವಿಷಯದಲ್ಲಿಯೂ ಹಾಗೆಯೇ. ಗೋಡೆಯ ಸಾಕೆಟ್ಟಿನಲ್ಲಿ 230 ವೋಲ್ಟುಗಳ ಪರ್ಯಾಯ ಪ್ರವಾಹವಿರುತ್ತದೆ. ನಾವು ಚಾರ್ಜರ್ ಎನ್ನುವ ಕಪ್ಪು ಪೆಟ್ಟಿಗೆಯು ಅದನ್ನು ಸುಮಾರು 19ರಿಂದ 20 ವೋಲ್ಟುಗಳ ನೇರ ಪ್ರವಾಹವಾಗಿ ಮಾರ್ಪಡಿಸುತ್ತದೆ. ಅದು ತೆಳುವಾದ ವಯರಿನ ಮೂಲಕ ಹರಿದು, ತುದಿಯ ಪಿನ್ನಿನಿಂದ ಲ್ಯಾಪ್‌ಟಾಪಿನ ಜ್ಯಾಕ್ ಎಂಬ ತೂತನ್ನು ಸೇರುತ್ತದೆ. ಅಲ್ಲಿಂದ ಮದರ್‌ಬೋರ್ಡಿನ ಮೇಲಿರುವ ಚಾರ್ಜಿಂಗ್ ವ್ಯವಸ್ಥೆಯು ಒಂದು ಪಾಲನ್ನು ಯಂತ್ರದ ಕೆಲಸಕ್ಕೂ ಇನ್ನೊಂದು ಪಾಲನ್ನು ಬ್ಯಾಟರಿಗೂ ಹಂಚುತ್ತದೆ. ಸಾಕೆಟ್ಟು, ಚಾರ್ಜರು, ಜ್ಯಾಕು, ಮದರ್‌ಬೋರ್ಡು, ಬ್ಯಾಟರಿ ಎಂಬ ಈ ಐದು ಠಾಣೆಗಳಲ್ಲಿ ಯಾವುದರಲ್ಲಿ ಪ್ರವಾಹ ನಿಂತಿದೆ ಎಂಬುದನ್ನು ತಿಳಿಯುವುದೇ ನಮ್ಮ ಕೆಲಸ.

ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ವಿದ್ಯುತ್ತು ಯಂತ್ರದೊಳಕ್ಕೆ ಬರುತ್ತಿದೆಯೇ, ಇಲ್ಲವೇ? ಪ್ಲಗ್ ಸಿಕ್ಕಿಸಿದಾಗ ಪರದೆಯ ಮೂಲೆಯ ಬ್ಯಾಟರಿಯ ಚಿತ್ರದ ಮೇಲೆ ಪ್ಲಗ್ಗಿನ ಇಲ್ಲವೆ ಮಿಂಚಿನ ಗುರುತು ಮೂಡುತ್ತದೆಯೇ, ಜ್ಯಾಕಿನ ಬಳಿಯ ಸಣ್ಣ ದೀಪ ಉರಿಯುತ್ತದೆಯೇ ಎಂದು ನೋಡಿ. ಬ್ಯಾಟರಿ ಪೂರ್ತಿ ಬರಿದಾದ ಯಂತ್ರವೂ ಪ್ಲಗ್ ಹಾಕಿದಾಗ ನಡೆಯುತ್ತಿದ್ದರೆ, ಚಾರ್ಜರಿನಿಂದ ಸಾಕಷ್ಟು ವಿದ್ಯುತ್ತು ಒಳಕ್ಕೆ ಬರುತ್ತಿದೆ ಎಂದೇ ಅರ್ಥ. ಒಳಕ್ಕೆ ಬರುತ್ತಲೇ ಇಲ್ಲವಾದರೆ ದೋಷವು ಬಹುಮಟ್ಟಿಗೆ ಮೊದಲ ಮೂರು ಠಾಣೆಗಳಲ್ಲಿ ಇರುತ್ತದೆ. ಬಂದೂ ಬ್ಯಾಟರಿ ತುಂಬದಿದ್ದರೆ ಬ್ಯಾಟರಿಯನ್ನೂ ಯಂತ್ರದ ಏರ್ಪಾಟುಗಳನ್ನೂ ನೋಡಬೇಕಾಗುತ್ತದೆ. ಚಾರ್ಜರಿನ ಗುರುತು ಯಂತ್ರಕ್ಕೆ ಸಿಗದಿದ್ದರೂ ಹೀಗಾಗುವುದುಂಟು. ಆ ಸಂಗತಿಯನ್ನು ಮುಂದೆ ಹೇಳಲಿದ್ದೇನೆ.

ಗೋಡೆಯಿಂದ ಆರಂಭ

ಆ ಸಾಕೆಟ್ಟಿಗೆ ಒಂದು ಟೇಬಲ್ ಲ್ಯಾಂಪನ್ನು ಸಿಕ್ಕಿಸಿ ನೋಡಿರಿ. ಟೆಸ್ಟರಿನ ದೀಪ ಉರಿಯಿತೆಂದು ಸುಮ್ಮನಾಗಬಾರದು. ನ್ಯೂಟ್ರಲ್ ತಂತಿ ಕಡಿದಿದ್ದರೂ ಟೆಸ್ಟರ್ ಉರಿಯುತ್ತದೆ, ಆದರೆ ಯಾವ ಉಪಕರಣವೂ ನಡೆಯದು. ಎಕ್ಸ್‌ಟೆನ್ಶನ್ ಬಾಕ್ಸ್, ಮೂರು ಪಿನ್ನನ್ನು ಎರಡು ಮಾಡುವ ಗೊಂಬೆಪ್ಲಗ್ಗು ಮೊದಲಾದುವನ್ನು ತೆಗೆದುಬಿಟ್ಟು ನೇರವಾಗಿ ಗೋಡೆಗೆ ಸಿಕ್ಕಿಸಿ ನೋಡಬೇಕು. ಮಳೆಗಾಲದಲ್ಲಿ ಸಾಕೆಟ್ಟಿನೊಳಗೆ ಇರುವೆಗಳು ಗೂಡು ಕಟ್ಟುವುದೂ ಪಿನ್ನುಗಳಿಗೆ ಕಿಲುಬು ಹಿಡಿಯುವುದೂ ನಮ್ಮ ಕಡೆ ಅಪರೂಪವೇನಲ್ಲ.

ಊರಿನಲ್ಲಿ ವೋಲ್ಟೇಜು ಕಡಿಮೆ, ಅದಕ್ಕೇ ಚಾರ್ಜ್ ಆಗುತ್ತಿಲ್ಲ ಎಂದು ಕೆಲವರು ಹೇಳುವುದುಂಟು. ಲ್ಯಾಪ್‌ಟಾಪಿನ ಚಾರ್ಜರುಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟುಗಳವರೆಗೆ ಎಷ್ಟಿದ್ದರೂ ಕೆಲಸ ಮಾಡುವಂತೆ ರಚಿತವಾಗಿವೆ. ಆದಕಾರಣ ದೀಪ ಸ್ವಲ್ಪ ಮಂಕಾಗುವಷ್ಟು ವೋಲ್ಟೇಜು ಇಳಿದ ಮಾತ್ರಕ್ಕೆ ಚಾರ್ಜು ನಿಲ್ಲಬೇಕಾಗಿಲ್ಲ.

ಲ್ಯಾಪ್‌ಟಾಪಿನ ಲೋಹದ ಮೈಯನ್ನು ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ, ಮೂರು ಪಿನ್ನಿನ ಪ್ಲಗ್ಗಿಗೆ ಭೂಸಂಪರ್ಕ ಸಿಗುತ್ತಿಲ್ಲ ಎಂಬುದಕ್ಕೆ ಅದೊಂದು ಸೂಚನೆ. ಅರ್ತಿನ ಪಿನ್ನನ್ನು ಕತ್ತರಿಸಿ ಎರಡು ಪಿನ್ನಿನ ಸಾಕೆಟ್ಟಿಗೆ ತುರುಕುವ ಅಭ್ಯಾಸವನ್ನು ಖಂಡಿತ ಬಿಡಬೇಕು.

ಚಾರ್ಜರಿನ ಹಣೆಬರಹ

ಚಾರ್ಜರು ಎರಡು ತುಂಡುಗಳಿಂದ ಕೂಡಿದೆ. ಗೋಡೆಯಿಂದ ಕಪ್ಪು ಪೆಟ್ಟಿಗೆಯವರೆಗಿನ ದಪ್ಪ ವಯರನ್ನು ಎಳೆದು ತೆಗೆಯಬಹುದು. ಅದರ ತುದಿ ಮೂರು ಎಸಳಿನ ಎಲೆಯಂತಿದ್ದರೆ ಬೇರೆ ಕಂಪನಿಯ ಲ್ಯಾಪ್‌ಟಾಪಿನ ಅಂತಹುದೇ ವಯರು ಅದಕ್ಕೆ ಹೊಂದುತ್ತದೆ. ನೆರೆಮನೆಯಿಂದ ಒಂದನ್ನು ಎರವಲು ತಂದು ಸಿಕ್ಕಿಸಿ ನೋಡಿ. ಇಡೀ ಚಾರ್ಜರನ್ನೇ ಎಸೆದು ಹೊಸದನ್ನು ಕೊಂಡ ಮೇಲೆ, ಕೆಟ್ಟಿದ್ದುದು ಈ ಅಗ್ಗದ ವಯರು ಮಾತ್ರ ಎಂದು ತಿಳಿದು ಪರಿತಪಿಸಿದವರಿದ್ದಾರೆ.

ಪೆಟ್ಟಿಗೆಯಿಂದ ಹೊರಡುವ ತೆಳು ವಯರು ಪೆಟ್ಟಿಗೆಯ ಬುಡದಲ್ಲಿಯೂ ಪಿನ್ನಿನ ಬುಡದಲ್ಲಿಯೂ ಮಡಚಿ ಮಡಚಿ ಒಳಗೇ ಕಡಿಯುತ್ತದೆ. ಆ ಜಾಗವನ್ನು ಮೆಲ್ಲನೆ ಬಾಗಿಸಿದಾಗ ಚಾರ್ಜಿನ ಗುರುತು ಬಂದು ಹೋಗುತ್ತಿದ್ದರೆ ಅನುಮಾನಕ್ಕೆಡೆಯಿಲ್ಲ. ಟೇಪು ಸುತ್ತಿ ಕಾಲ ತಳ್ಳುವುದು ಅಪಾಯ. ಕಡಿದ ಎಳೆಗಳು ಬಿಸಿಯಾಗಿ ಸುಟ್ಟುಕೊಳ್ಳಬಹುದು.

ಬೇರೆ ಚಾರ್ಜರನ್ನು ಹಾಕಿ ನೋಡುವ ಮುನ್ನ ಪೆಟ್ಟಿಗೆಯ ಮೇಲಿನ ಅಚ್ಚನ್ನು ಓದಬೇಕು. ಔಟ್‌ಪುಟ್ ಎಂದಿರುವಲ್ಲಿ 19.5 ವೋಲ್ಟ್, 3.34 ಆಂಪಿಯರ್ ಎಂಬಂತೆ ಎರಡು ಸಂಖ್ಯೆಗಳಿರುತ್ತವೆ. ಇವೆರಡನ್ನೂ ಗುಣಿಸಿದರೆ ಸುಮಾರು 65 ವ್ಯಾಟ್ ಎಂದಾಗುತ್ತದೆ. ಉರುಟು ಪಿನ್ನಿನ ಚಾರ್ಜರನ್ನು ಬದಲಿಸುವಾಗ ವೋಲ್ಟು ಮೊದಲಿನಷ್ಟೇ ಇರಬೇಕು. ಆಂಪಿಯರು ಅಷ್ಟೇ ಇರಲಿ ಅಥವಾ ಹೆಚ್ಚಿರಲಿ, ಕಡಿಮೆ ಇರಬಾರದು. ಪಿನ್ನಿನ ಗಾತ್ರವೂ ಧನ-ಋಣ ಚಿಹ್ನೆಯ ಚಿತ್ರವೂ ಒಂದೇ ಆಗಿರಬೇಕು. 65 ವ್ಯಾಟ್ ಬೇಡುವ ಯಂತ್ರಕ್ಕೆ 45 ವ್ಯಾಟಿನದನ್ನು ಕೊಟ್ಟರೆ ಯಂತ್ರ ನಡೆದರೂ ಬ್ಯಾಟರಿಯ ಪಾಲಿಗೆ ಏನೂ ಉಳಿಯದೆ ಹೋಗಬಹುದು.

ಕೂದಲೆಳೆಯಷ್ಟು ತೆಳುವಾದ ಕಡ್ಡಿ

ಇಲ್ಲಿ ನಮ್ಮೂರಿನ ಒಂದು ಸಂಗತಿಯನ್ನು ಹೇಳಬೇಕು. ಸಣ್ಣ ಹಿಡುವಳಿಯ ಕೃಷಿಕರೊಬ್ಬರ ಮಗಳು ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿದ್ದಳು. ಅವಳ ಲ್ಯಾಪ್‌ಟಾಪು ಪ್ಲಗ್ಗಿನಲ್ಲಿದ್ದರೆ ನಡೆಯುತ್ತಿತ್ತು. ಕರೆಂಟು ಹೋದ ಕ್ಷಣವೇ ಆರಿಹೋಗುತ್ತಿತ್ತು. ಬರೆದ ಪ್ರಬಂಧ ಎರಡು ಸಲ ಅಳಿಸಿಹೋಯಿತು. ಪೇಟೆಯ ಅಂಗಡಿಯೊಂದರಲ್ಲಿ ಮದರ್‌ಬೋರ್ಡ್ ಬದಲಿಸಬೇಕು, 12,000 ರೂಪಾಯಿ ಆಗುತ್ತದೆ ಎಂದರಂತೆ. ತಂದೆ ಸಂಜೆ ಶಾಲೆಯ ಬಳಿ ಸಿಕ್ಕಿ, “ಮಾಷ್ಟ್ರೇ, ಅಡಿಕೆಗೆ ಇನ್ನೂ ಸ್ವಲ್ಪ ಕ್ರಯ ಬರಲಿ ಅಂತ ಇಟ್ಟುಕೊಂಡಿದ್ದೆ. ಈಗಲೇ ಕೊಟ್ಟುಬಿಡುವುದಾ ಅಂತ ಆಲೋಚನೆ,” ಎಂದರು. “ಎರಡು ದಿನ ತಡೆಯಿರಿ, ಒಮ್ಮೆ ನೋಡುವ,” ಎಂದೆ.

ಹುಡುಗಿ ಯಂತ್ರವನ್ನು ತಂದಳು. ಆರಂಭಿಸಿದೊಡನೆ ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಮೂಡಿತು. ಅವಳು ಓದದೆಯೇ ಒಂದು ಗುಂಡಿಯನ್ನೊತ್ತಿ ಅದನ್ನು ದಾಟಿಸಿದಳು. “ಅದೇನಮ್ಮ?” ಎಂದರೆ, “ಅದು ಎರಡು ತಿಂಗಳಿಂದ ಬರುತ್ತದೆ ಸರ್, ಒತ್ತಿದರೆ ಹೋಗುತ್ತದೆ,” ಎಂದಳು. ಮತ್ತೊಮ್ಮೆ ಆರಂಭಿಸಿ ಓದಿಸಿದೆ. ಸಿಕ್ಕಿಸಿರುವ ಚಾರ್ಜರು ಯಾವ ಬಗೆಯದೆಂದು ಗುರುತಿಸಲಾಗುತ್ತಿಲ್ಲ, ಆದ್ದರಿಂದ ಬ್ಯಾಟರಿಯನ್ನು ತುಂಬುವುದಿಲ್ಲ ಎಂಬುದು ಆ ಸಾಲುಗಳ ತಾತ್ಪರ್ಯವಾಗಿತ್ತು.

ಡೆಲ್, ಎಚ್‌ಪಿ ಮೊದಲಾದ ಕಂಪನಿಗಳ ಹಲವು ಚಾರ್ಜರುಗಳ ಉರುಟು ಪಿನ್ನಿನ ನಡುವೆ ಕೂದಲೆಳೆಯಂತಹ ಒಂದು ಕಡ್ಡಿ ಇರುತ್ತದೆ. ಅದರ ಮೂಲಕ ಶಕ್ತಿ ಹರಿಯುವುದಿಲ್ಲ. ಇದು ಸರಿಯಾದ ಚಾರ್ಜರು ಎಂಬ ಗುರುತಿನ ಸಂಕೇತ ಮಾತ್ರ ಹೋಗುತ್ತದೆ. ಆ ಕಡ್ಡಿ ಬಾಗಿದರೆ ಅಥವಾ ಮುರಿದರೆ ಅಪರಿಚಿತನನ್ನು ಜಗಲಿಯಲ್ಲಿ ಕುಳ್ಳಿರಿಸಿ ಒಳಗೆ ಬಿಡದವರಂತೆ, ಯಂತ್ರವು ತನ್ನ ಕೆಲಸಕ್ಕಷ್ಟು ವಿದ್ಯುತ್ತನ್ನು ತೆಗೆದುಕೊಂಡು ಬ್ಯಾಟರಿಯ ಬಾಗಿಲನ್ನು ಮುಚ್ಚಿಬಿಡುತ್ತದೆ. ಟಾರ್ಚು ಹಿಡಿದು ನೋಡಿದಾಗ ಅವಳ ಚಾರ್ಜರಿನ ಕಡ್ಡಿ ಬುಡದಲ್ಲಿಯೇ ಮುರಿದಿತ್ತು. ನಮ್ಮ ಶಾಲೆಯ ಅಧ್ಯಾಪಕಿಯೊಬ್ಬರ ಬಳಿ ಅದೇ ಬಗೆಯ ಚಾರ್ಜರಿತ್ತು. ಅದನ್ನು ಸಿಕ್ಕಿಸಿದಾಗ ಬ್ಯಾಟರಿ ತುಂಬತೊಡಗಿತು. ಹೊಸ ಚಾರ್ಜರಿಗೆ ತಗಲಿದ ಹಣವು ಮದರ್‌ಬೋರ್ಡಿಗೆ ಕೇಳಿದುದರ ಸಣ್ಣದೊಂದು ಅಂಶ. ಅಡಿಕೆ ಅಟ್ಟದಲ್ಲಿಯೇ ಉಳಿಯಿತು.

ಪರದೆಯ ಮೇಲೆ ಬರುವ ಮಾತು ನಮ್ಮ ಭಾಷೆಯದಲ್ಲವೆಂದು ಓದದೆ ದಾಟಿಸುವುದು ನಮ್ಮ ಮಕ್ಕಳಲ್ಲಿ ಬಹಳವಾಗಿ ಕಂಡುಬರುತ್ತದೆ. ಅರ್ಥವಾಗದಿದ್ದರೆ ಮೊಬೈಲಿನಲ್ಲಿ ಅದರ ಚಿತ್ರ ತೆಗೆದಿಟ್ಟುಕೊಂಡು ಬಲ್ಲವರಿಗೆ ತೋರಿಸಲಿ. ಎಷ್ಟೋ ವೇಳೆ ದೋಷವೇನೆಂದು ಯಂತ್ರ ತಾನೇ ಹೇಳುತ್ತಿರುತ್ತದೆ.

ಸಿ-ಟೈಪ್ ಚಾರ್ಜರುಗಳ ವಿಚಾರ

ಹೊಸ ಲ್ಯಾಪ್‌ಟಾಪುಗಳಲ್ಲಿ ಉರುಟು ಪಿನ್ನಿನ ಬದಲು ಮೊಬೈಲಿನದರಂತಹ ಸಿ-ಟೈಪ್ ತುದಿ ಬಂದಿದೆ. ತುದಿ ಒಂದೇ ರೀತಿಯದಾದ್ದರಿಂದ ಮೊಬೈಲಿನ ಚಾರ್ಜರನ್ನೇ ಲ್ಯಾಪ್‌ಟಾಪಿಗೆ ಹಾಕಿ, ಚಾರ್ಜ್ ಆಗುವುದಿಲ್ಲವೆಂದು ಕಳವಳಪಡುವವರಿದ್ದಾರೆ. ಇಂತಹ ಚಾರ್ಜರು ಮೊದಲು 5 ವೋಲ್ಟನ್ನಷ್ಟೇ ಕೊಡುತ್ತದೆ. ಆ ಮೇಲೆ ಯಂತ್ರವೂ ಚಾರ್ಜರೂ ತಮ್ಮೊಳಗೆ ಸಂಕೇತಗಳ ಮೂಲಕ ಮಾತಾಡಿಕೊಂಡು 9, 15, 20 ವೋಲ್ಟುಗಳವರೆಗೆ ಏರಿಸಿಕೊಳ್ಳುತ್ತವೆ. 18 ವ್ಯಾಟಿನ ಮೊಬೈಲ್ ಚಾರ್ಜರು 65 ವ್ಯಾಟ್ ಬೇಕಾದ ಲ್ಯಾಪ್‌ಟಾಪನ್ನು ತೃಪ್ತಿಪಡಿಸಲಾರದು. ಕೇಬಲ್ಲಿನಲ್ಲಿಯೂ ವ್ಯತ್ಯಾಸಗಳಿವೆ: ಸಾಧಾರಣ ಸಿ-ಟೈಪ್ ಕೇಬಲ್ಲು 3 ಆಂಪಿಯರಿಗೆ, ಅಂದರೆ 20 ವೋಲ್ಟಿನಲ್ಲಿ 60 ವ್ಯಾಟಿಗೆ ಸೀಮಿತ. ಅಲ್ಲದೆ ಲ್ಯಾಪ್‌ಟಾಪಿನ ಎಲ್ಲ ಸಿ-ಟೈಪ್ ತೂತುಗಳೂ ಚಾರ್ಜಿಗೆಂದು ಇರುವುದಿಲ್ಲ; ಕೆಲವು ಮಾಹಿತಿಯ ಸಾಗಾಟಕ್ಕೆ ಮಾತ್ರ.

ತೂತಿನಲ್ಲಿ ಹತ್ತಿಯ ನೂಲು, ಧೂಳು ಸೇರಿದ್ದರೆ ತುದಿ ಪೂರ್ತಿ ಒಳಗೆ ಹೋಗುವುದಿಲ್ಲ. ಯಂತ್ರವನ್ನು ಆರಿಸಿ, ಪ್ಲಗ್ ತೆಗೆದು, ಒಣಗಿದ ಮರದ ಹಲ್ಲುಕಡ್ಡಿಯಿಂದ ನಾಜೂಕಾಗಿ ಕಸವನ್ನು ತೆಗೆಯಬಹುದು. ಸೂಜಿ, ಪಿನ್ನು ಮೊದಲಾದ ಲೋಹದ ವಸ್ತುಗಳನ್ನು ಹಾಕಕೂಡದು.

ಕೆಡದೆಯೂ ಚಾರ್ಜ್ ಆಗದಿರುವುದು

ಬ್ಯಾಟರಿ ಶೇಕಡಾ 60ರಲ್ಲಿ ಅಥವಾ 80ರಲ್ಲಿ ನಿಂತುಬಿಟ್ಟಿದೆಯೇ? ಹಾಗಿದ್ದರೆ ಅದು ರೋಗವಲ್ಲ, ಪಥ್ಯ. ಸದಾ ಪೂರ್ತಿ ತುಂಬಿದ ಸ್ಥಿತಿಯಲ್ಲಿಟ್ಟರೆ ಬ್ಯಾಟರಿ ಬೇಗ ಮುಪ್ಪಾಗುವುದರಿಂದ, ಲೆನೊವೊ, ಏಸಸ್, ಡೆಲ್, ಎಚ್‌ಪಿ ಮೊದಲಾದ ಕಂಪನಿಗಳು ಹಲವು ಮಾದರಿಗಳಲ್ಲಿ ಒಂದು ಮಿತಿಯಲ್ಲಿ ಚಾರ್ಜನ್ನು ನಿಲ್ಲಿಸುವ ಏರ್ಪಾಟನ್ನು ಇಟ್ಟಿವೆ. ಕಂಪನಿಯ ತಂತ್ರಾಂಶದಲ್ಲಿ ಅದನ್ನು ಬದಲಿಸಬಹುದು. ದಿನವಿಡೀ ಪ್ಲಗ್ಗಿನಲ್ಲಿಯೇ ಇರುವ ಯಂತ್ರಕ್ಕೆ ಆ ಮಿತಿ ಹಾಗೆಯೇ ಇರುವುದು ಒಳ್ಳೆಯದು.

ಬ್ಯಾಟರಿ ಅತಿಯಾಗಿ ಬಿಸಿಯಾದಾಗಲೂ ಯಂತ್ರವು ಚಾರ್ಜನ್ನು ತಡೆಹಿಡಿಯುತ್ತದೆ. ಈ ಬಗೆಯ ಬ್ಯಾಟರಿಗಳನ್ನು ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್ ಮೀರಿದಾಗ ತುಂಬಕೂಡದು. ಹಾಸಿಗೆಯ ಮೇಲಿಟ್ಟು ಕೆಲಸ ಮಾಡಿದರೆ ಗಾಳಿಯ ದಾರಿ ಮುಚ್ಚಿ, ಬೇಸಗೆಯಲ್ಲಿ ಬಿಸಿ ಏರುವುದು ಸಹಜ. ಆರಿಸಿ ಅರ್ಧ ಗಂಟೆ ತಣ್ಣಗಿನ ಜಾಗದಲ್ಲಿಟ್ಟು ಮತ್ತೆ ಪ್ರಯತ್ನಿಸಿ.

ಇನ್ನು, ಯಂತ್ರದ ಒಳಗಿನ ನಿಯಂತ್ರಕಕ್ಕೆ ಮಂಕು ಹಿಡಿದಂತಾಗುವುದೂ ಇದೆ. ಕೆಲಸವನ್ನು ಉಳಿಸಿಕೊಂಡು ಯಂತ್ರವನ್ನು ಪೂರ್ತಿಯಾಗಿ ಆರಿಸಿ. ಚಾರ್ಜರನ್ನೂ ಮೌಸ್, ಪೆನ್‌ಡ್ರೈವ್‌ಗಳನ್ನೂ ತೆಗೆಯಿರಿ. ಹಳೆಯ ಮಾದರಿಯಲ್ಲಿ ಬ್ಯಾಟರಿಯನ್ನು ಹೊರತೆಗೆಯುವಂತಿದ್ದರೆ ಅದನ್ನೂ ತೆಗೆಯಿರಿ. ಪವರ್ ಬಟನ್ನನ್ನು ಸುಮಾರು 30 ಸೆಕೆಂಡು ಒತ್ತಿ ಹಿಡಿಯಿರಿ. ಬ್ಯಾಟರಿಯನ್ನು ಹಾಕಿ, ಚಾರ್ಜರನ್ನು ಸಿಕ್ಕಿಸಿ ಆರಂಭಿಸಿ. ಹಲವು ಯಂತ್ರಗಳು ಇಷ್ಟರಿಂದಲೇ ಸರಿಹೋಗುತ್ತವೆ.

ಬ್ಯಾಟರಿಯ ಆಯುಷ್ಯ

ಲಿಥಿಯಂ ಅಯಾನ್ ಬ್ಯಾಟರಿಯನ್ನು 1991ರಲ್ಲಿ ಜಪಾನಿನ ಸೋನಿ ಕಂಪನಿಯು ಮೊದಲಿಗೆ ಮಾರುಕಟ್ಟೆಗೆ ತಂದಿತು. ಅದರ ಶೋಧನೆಯಲ್ಲಿ ಶ್ರಮಿಸಿದ ಜಾನ್ ಗುಡೆನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೊಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರಕಿತು. ಎಷ್ಟೇ ಉತ್ತಮವಾದರೂ ಅದಕ್ಕೊಂದು ಆಯುಷ್ಯವಿದೆ. ಸುಮಾರು 300ರಿಂದ 500 ಸಲ ಪೂರ್ತಿ ಬರಿದಾಗಿ ತುಂಬಿದ ಮೇಲೆ ಅದರ ಸಾಮರ್ಥ್ಯ ಗಮನಕ್ಕೆ ಬರುವಷ್ಟು ಕುಗ್ಗುತ್ತದೆ.

ಎಷ್ಟು ಕುಗ್ಗಿದೆ ಎಂಬುದನ್ನು ಲೆಕ್ಕ ಹಾಕಿ ತಿಳಿಯಬಹುದು. ವಿಂಡೋಸ್ ಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪಿ, ಓ, ಡಬ್ಲ್ಯು, ಇ, ಆರ್, ಸಿ, ಎಫ್, ಜಿ ಎಂಬ ಎಂಟು ಅಕ್ಷರಗಳನ್ನು ಒತ್ತೊತ್ತಾಗಿ ಬರೆದು, ಒಂದು ಜಾಗ ಬಿಟ್ಟು, ಬಲಕ್ಕೆ ಬಾಗಿದ ಓರೆಗೆರೆ ಹಾಕಿ, ಬ್ಯಾಟರಿ ರಿಪೋರ್ಟ್ ಎಂಬ ಇಂಗ್ಲಿಷ್ ಪದಗಳನ್ನು ನಡುವೆ ಜಾಗ ಬಿಡದೆ ಸೇರಿಸಿ ಬರೆದು ಎಂಟರ್ ಒತ್ತಬೇಕು. ಒಂದು ವರದಿ ಸಿದ್ಧವಾಗಿ, ಅದು ಎಲ್ಲಿದೆ ಎಂಬುದನ್ನು ಯಂತ್ರವೇ ತಿಳಿಸುತ್ತದೆ. ವರದಿಯಲ್ಲಿ ಡಿಸೈನ್ ಕೆಪ್ಯಾಸಿಟಿ ಎಂದರೆ ಹುಟ್ಟಿನ ಸಾಮರ್ಥ್ಯ, ಫುಲ್ ಚಾರ್ಜ್ ಕೆಪ್ಯಾಸಿಟಿ ಎಂದರೆ ಇಂದಿನ ಸಾಮರ್ಥ್ಯ. ಉದಾಹರಣೆಗೆ ಹುಟ್ಟಿನದು 41,000, ಇಂದಿನದು 12,300 ಎಂದಿದ್ದರೆ ಉಳಿದಿರುವುದು ಶೇಕಡಾ 30 ಮಾತ್ರ. ಅಂತಹ ಬ್ಯಾಟರಿಯನ್ನು ಬದಲಿಸುವುದೇ ಸರಿ. ಉಬುಂಟು ಬಗೆಯ ಯಂತ್ರಗಳಲ್ಲಿ ಪವರ್ ಸ್ಟ್ಯಾಟಿಸ್ಟಿಕ್ಸ್ ಎಂಬ ತಂತ್ರಾಂಶವು ಇದೇ ಎರಡು ಸಂಖ್ಯೆಗಳನ್ನು ತೋರಿಸುತ್ತದೆ.

ಹಳೆಯ ಮಾದರಿಗಳಲ್ಲಿ ಇದಕ್ಕಿಂತ ಸುಲಭವಾದ ಪರೀಕ್ಷೆಯಿದೆ. ಬ್ಯಾಟರಿಯನ್ನು ಹೊರತೆಗೆದಿಟ್ಟು ಚಾರ್ಜರಿನಿಂದಲೇ ನಡೆಸಿ ನೋಡಿ. ಯಂತ್ರ ನಡೆದರೆ ಸಾಕೆಟ್ಟು, ಚಾರ್ಜರು, ಜ್ಯಾಕುಗಳಿಂದ ವಿದ್ಯುತ್ತು ಬರುತ್ತಿದೆ ಎಂಬುದು ಖಚಿತವಾಗಿ, ಸಂಶಯವು ಬ್ಯಾಟರಿಯ ಕಡೆಗೆ ತಿರುಗುತ್ತದೆ.

ಎಚ್ಚರಿಕೆಯ ಮಾತು

ಲ್ಯಾಪ್‌ಟಾಪಿನ ತಳ ಉಬ್ಬಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ, ಬೆರಳಾಡಿಸುವ ಪಟ್ಟಿ ಮೇಲೆದ್ದಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ಆಗ ಪರೀಕ್ಷೆಗಳನ್ನೆಲ್ಲ ಅಲ್ಲಿಗೇ ನಿಲ್ಲಿಸಿ, ಪ್ಲಗ್ ತೆಗೆದು, ಯಂತ್ರವನ್ನು ಆರಿಸಬೇಕು. ಉಬ್ಬನ್ನು ಒತ್ತುವುದು, ಚುಚ್ಚುವುದು ಬೆಂಕಿಗೆ ಆಹ್ವಾನವಿತ್ತಂತೆ. ಮಕ್ಕಳ ಕೈಗೆ ಸಿಗದಂತಿರಿಸಿ, ಬಲ್ಲವರ ಕೈಯಿಂದ ತೆಗೆಸಬೇಕು. ಹಾಳಾದ ಬ್ಯಾಟರಿಯನ್ನು ತೋಟದ ಸೋಗೆಯೊಂದಿಗೆ ಸುಡುವುದಾಗಲಿ ಮಣ್ಣಿನಲ್ಲಿ ಹೂಳುವುದಾಗಲಿ ಕೂಡದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳ ಸಂಗ್ರಹದ ಹೊಣೆಯನ್ನು ತಯಾರಕರ ಮೇಲಿರಿಸಿವೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಹಿಂದಿರುಗಿಸುವ ವ್ಯವಸ್ಥೆಯ ಬಗ್ಗೆ ಅಂಗಡಿಯಲ್ಲಿ ವಿಚಾರಿಸಬೇಕು.

ಕರಾವಳಿಯ ನಮ್ಮ ಕಡೆ ಏಪ್ರಿಲ್-ಮೇ ತಿಂಗಳುಗಳಲ್ಲಿಯೂ ಅಕ್ಟೋಬರ್-ನವೆಂಬರಿನಲ್ಲಿಯೂ ಸಿಡಿಲಿನ ಹಾವಳಿ ಹೆಚ್ಚು. ಸ್ವಿಚ್ಚು ಆರಿಸಿದರೆ ಸಾಲದು. ಗುಡುಗು ಆರಂಭವಾಗುವ ಮೊದಲೇ ಪ್ಲಗ್ಗನ್ನು ಕಿತ್ತಿಡಬೇಕು.

ಅಂಗಡಿಗೆ ಹೋಗುವುದೇ ಆದರೆ

ಇಷ್ಟೆಲ್ಲ ನೋಡಿಯೂ ದೋಷ ಸಿಗದಿದ್ದರೆ ಜ್ಯಾಕು ಅಥವಾ ಮದರ್‌ಬೋರ್ಡಿನ ಚಾರ್ಜಿಂಗ್ ಭಾಗ ಕೆಟ್ಟಿರಬಹುದು. ಅದು ನುರಿತವರ ಕೆಲಸ. ಆದರೂ ಒಂದು ವಿಷಯ ತಿಳಿದಿರಲಿ: ಹಲವು ಮಾದರಿಗಳಲ್ಲಿ ಜ್ಯಾಕು ಸಣ್ಣದೊಂದು ವಯರಿನ ಮೂಲಕ ಜೋಡಿಸಿದ ಬೇರೆಯೇ ಬಿಡಿಭಾಗವಾಗಿರುತ್ತದೆ. ಅದನ್ನು ಮಾತ್ರ ಬದಲಿಸಲು ಬರುತ್ತದೆ. ವಾರಂಟಿ ಇರುವ ಯಂತ್ರವನ್ನೂ ಶಾಲೆಗೆ ಸರಕಾರದಿಂದ ಬಂದ ಯಂತ್ರವನ್ನೂ ಹೊರಗಿನವರಿಂದ ಬಿಚ್ಚಿಸಕೂಡದು.

ಯಂತ್ರವನ್ನು ಕೊಡುವ ಮೊದಲು, ಸಾಧ್ಯವಾದರೆ ಮುಖ್ಯವಾದ ಕಾಗದಪತ್ರಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ನೀವು ಮಾಡಿದ ಪರೀಕ್ಷೆಗಳನ್ನೂ ಕಂಡ ಫಲವನ್ನೂ ಒಂದು ಹಾಳೆಯಲ್ಲಿ ಕ್ರಮವಾಗಿ ಕನ್ನಡದಲ್ಲಿಯೇ ಬರೆದುಕೊಂಡು ಹೋಗಿ: ಬೇರೆ ಸಾಕೆಟ್ಟಿನಲ್ಲಿ ನೋಡಿದೆವು, ಇಂತಿಷ್ಟು ವ್ಯಾಟಿನ ಬೇರೆ ಚಾರ್ಜರಿನಿಂದ ನೋಡಿದೆವು, ಬ್ಯಾಟರಿ ಶೇಕಡಾ ಇಷ್ಟು ಉಳಿದಿದೆ ಎಂದು. ಅಂಗಡಿಯವನ ಭಾಷೆ ಯಾವುದೇ ಇರಲಿ, ಆ ಹಾಳೆಯನ್ನು ನೋಡಿ ಹೇಳುವಾಗ ನಿಮ್ಮ ಮಾತು ತಡವರಿಸುವುದಿಲ್ಲ. ಆತ ಮದರ್‌ಬೋರ್ಡ್ ಎಂದರೆ, ಯಾವ ಪರೀಕ್ಷೆಯಿಂದ ತಿಳಿಯಿತು ಎಂದು ವಿನಯದಿಂದ ಕೇಳಿ. ಬದಲಿಸಿದ ಹಳೆಯ ಭಾಗವನ್ನೂ ರಶೀದಿಯನ್ನೂ ಕೇಳಿ ಪಡೆಯಿರಿ. ಪ್ರಾಮಾಣಿಕನಾದ ಕೆಲಸಗಾರ ಇದರಿಂದ ಮುನಿಯುವುದಿಲ್ಲ.

ಈ ಪರೀಕ್ಷೆಗಳನ್ನು ಹಿರಿಯರು ತಾವೇ ಮಾಡಿ ಮುಗಿಸುವ ಬದಲು ಮನೆಯ ಮಕ್ಕಳಿಂದ ಮಾಡಿಸಿದರೆ ಇನ್ನೂ ಮೇಲು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲವನ್ನು ನೋಡಿ, ಬರೆದಿಟ್ಟು ಮುಂದಿನದಕ್ಕೆ ಹೋಗುವ ಅಭ್ಯಾಸ ಅವರಿಗಾದರೆ, ನಾಳೆ ತೋಟದ ಪಂಪು ನಿಂತಾಗಲೂ ಅವರು ಗಾಬರಿಯಾಗದೆ ಮೊದಲು ಫ್ಯೂಸನ್ನು ನೋಡುತ್ತಾರೆ.